ಬಾತ್‌ರೂಮ್ ಪೂರ್ತಿ ಒಡೆದು ಮಾಡಿಸ್ಬೇಕು, ಮೂರು ಕೊಟೇಷನ್ ಬಂದಿದೆ, ಯಾರಿಗೆ ಕೊಡೋದು?

ಪ್ರಶ್ನೆ: ನಮ್ಮ ಬಾತ್‌ರೂಮ್ ಕಟ್ಟಿಸಿ ಇಪ್ಪತ್ತು ವರ್ಷ ದಾಟಿದೆ. ಕೆಳಗಿನ ರೂಮಿನ ಸೀಲಿಂಗಲ್ಲಿ ತೇವದ ಕಲೆ ಬಂದು ಪೇಂಟ್ ಉದುರ್ತಿದೆ. ಪೂರ್ತಿ ಒಡೆಸಿ ಹೊಸದಾಗಿ ಮಾಡಿಸೋಣ ಅಂತ ಮೂರು ಜನ ಕಾಂಟ್ರಾಕ್ಟರ್ ಹತ್ರ ಕೊಟೇಷನ್ ತಗೊಂಡ್ವಿ. ಒಬ್ಬರು ಹಳೇ ಟೈಲ್ಸ್ ಮೇಲೇನೇ ಹೊಸದು ಹಾಕಿ ಒಂದು ವಾರದಲ್ಲಿ ಮುಗಿಸ್ತೀನಿ ಅಂತಾರೆ, ಅವರ ರೇಟು ಎಲ್ಲರಿಗಿಂತ ಕಡಿಮೆ, ಮೂರನೆಯವರು ಹೇಳಿದ್ದರ ಅರ್ಧಾನೇ. ಎರಡನೆಯವರು ವಿವರವಾಗಿ ಬರ್ಕೊಟ್ಟಿದ್ದಾರೆ, ಆದ್ರೆ 50% ಅಡ್ವಾನ್ಸ್ ಕೇಳ್ತಿದ್ದಾರೆ. ಮೂರನೆಯವರದ್ದು ಎಲ್ಲಕ್ಕಿಂತ ಜಾಸ್ತಿ, ಫಿಟಿಂಗ್ಸ್ ಎಲ್ಲಾ ದುಬಾರಿ ಬ್ರ್ಯಾಂಡು, ಕಂಪ್ಯೂಟರಲ್ಲಿ ಡಿಸೈನ್ ಮಾಡಿ ತೋರಿಸಿದ್ರು. ಮನೇಲಿ ವಯಸ್ಸಾದ ಅಮ್ಮ ಇದ್ದಾರೆ. ಯಾರಿಗೆ ಕೊಡೋದು, ದುಡ್ಡು ಹೇಗೆ ಕೊಡೋದು?

ಉತ್ತರ: ರೇಟಿನ ವಿಷಯ ಆಮೇಲೆ ನೋಡೋಣ. ಬಾತ್‌ರೂಮ್ ಕೆಲಸದಲ್ಲಿ ನೀವು ದುಡ್ಡು ಕೊಡೋದರಲ್ಲಿ ಮುಖ್ಯವಾದ ಭಾಗ ಟೈಲ್ಸ್ ಹಿಂದೆ ಹೋಗ್ಬಿಡುತ್ತೆ. ಪೈಪು, ಜಾಯಿಂಟು, ವಾಟರ್‌ಪ್ರೂಫಿಂಗು, ನೆಲದ ವಾಟ (ಇಳಿಜಾರು), ವೈರಿಂಗು, ಇದ್ಯಾವುದೂ ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳಲ್ಲ. ಕಣ್ಣಿಗೆ ಬೀಳೋ ನಲ್ಲಿ, ಟೈಲು, ಕನ್ನಡಿ ಇದನ್ನೆಲ್ಲ ಯಾರು ಬೇಕಾದ್ರೂ ಚೆನ್ನಾಗಿ ಕೂರಿಸ್ತಾರೆ, ಸರಿ ಹೋಗ್ಲಿಲ್ಲ ಅಂದ್ರೆ ನಾಳೆ ಬದಲಾಯಿಸ್ಬಹುದು. ಹಾಗಾಗಿ ನಾನು ಕಾಂಟ್ರಾಕ್ಟರ್‌ನ ಆರಿಸೋದು ಒಂದೇ ಲೆಕ್ಕದಲ್ಲಿ: ಮುಚ್ಚೋ ಮುಂಚೆ ತೆರೆದು ತೋರಿಸೋಕೆ, ಟೆಸ್ಟ್ ಮಾಡಿ ತೋರಿಸೋಕೆ ಆಸಾಮಿ ಒಪ್ತಾನಾ ಇಲ್ವಾ. ಒಪ್ಪಿದ್ರೆ ಅವನ ಜೊತೆ ರೇಟು ಮಾತಾಡ್ಬಹುದು. ಒಪ್ಪದೇ ಇದ್ರೆ ಪುಕ್ಕಟೆ ಮಾಡಿಕೊಡ್ತೀನಿ ಅಂದ್ರೂ ಬೇಡ.

ನಿಮ್ಮ ಮೊದಲನೆಯವರನ್ನ ಇಲ್ಲೇ ಪಕ್ಕಕ್ಕಿಡಿ. ಟೈಲ್ಸ್ ಮೇಲೆ ಟೈಲ್ಸ್ ಹಾಕೋದು ತಪ್ಪೇನಲ್ಲ, ಒಣಗಿರೋ ಗಟ್ಟಿ ನೆಲದ ಮೇಲೆ ಒಳ್ಳೇ ಅಡ್ಹೆಸಿವ್ (ಟೈಲ್ ಅಂಟು) ಹಾಕಿ ಮಾಡ್ತಾರೆ, ನಿಲ್ಲುತ್ತೆ. ಆದ್ರೆ ನಿಮ್ಮನೇಲಿ ಕೆಳಗಡೆ ಸೀಲಿಂಗ್ ಒದ್ದೆಯಾಗ್ತಿದೆ. ಮೇಲೆ ಇನ್ನೊಂದು ಪದರ ಅಂಟಿಸಿದ್ರೆ ಸೋರಿಕೆ ಹೇಗೆ ನಿಲ್ಲುತ್ತೆ? ತಿಪ್ಪೆ ಸಾರಿಸೋ ಕೆಲಸ ಅದು. ಜೊತೆಗೆ ನೆಲ ಒಂದೂವರೆ ಎರಡು ಸೆಂಟಿಮೀಟರ್ ಮೇಲೆ ಬರುತ್ತೆ, ಬಾತ್‌ರೂಮ್ ನೆಲ ಹೊರಗಿನ ರೂಮಿನ ನೆಲದ ಮಟ್ಟಕ್ಕೆ ಬಂದ್ರೆ ನೀರು ಬಾಗಿಲು ದಾಟಿ ಆಚೆ ಬರುತ್ತೆ, ಬಾಗಿಲು ಉಜ್ಜುತ್ತೆ ಅಂತ ಕೆಳಗಡೆ ಕೊಯ್ಬೇಕಾಗುತ್ತೆ, ಕೊಯ್ದ ಕಡೆಯಿಂದಲೇ ಅದು ನೀರು ಕುಡಿದು ಉಬ್ಬುತ್ತೆ. ಒಂದು ವಾರ ಅನ್ನೋ ಮಾತೂ ನನಗೆ ಹಿಡಿಸ್ಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಯಾರನ್ನ ಕರೆಸಿದ್ರೂ ಮೊದಲು ಕೇಳ್ಬೇಕಾದ್ದು ಸೋರ್ತಿರೋದು ಎಲ್ಲಿಂದ ಅಂತ. ಮೂರು ಕಡೆಯಿಂದ ಬರ್ಬಹುದು. ನೀರು ಬರೋ ಪೈಪು ಸೋರ್ತಿದ್ರೆ ಬಾತ್‌ರೂಮ್ ಬಳಸಿದ್ರೂ ಬಿಟ್ರೂ ಕಲೆ ಒದ್ದೆಯಾಗೇ ಇರುತ್ತೆ, ಯಾಕಂದ್ರೆ ಆ ಪೈಪಲ್ಲಿ ಯಾವಾಗ್ಲೂ ಪ್ರೆಶರ್ ಇರುತ್ತೆ. ನೀರು ಹೋಗೋ ಪೈಪು ಅಥವಾ ಟ್ರ್ಯಾಪಿನ (ನೆಲದ ಜಾಲರಿ ಕೆಳಗೆ ನೀರು ನಿಲ್ಲೋ ಬಟ್ಟಲು) ಜಾಯಿಂಟ್ ಹೋಗಿದ್ರೆ ಬಕೆಟ್ ನೀರು ನೇರವಾಗಿ ಡ್ರೈನಿಗೆ ಸುರಿದ್ರೂ ಕಲೆ ಹಿಗ್ಗುತ್ತೆ. ನೆಲದ ಅಥವಾ ಗೋಡೆಯ ವಾಟರ್‌ಪ್ರೂಫಿಂಗ್ ಹೋಗಿದ್ರೆ ನೆಲ ನೆನೆದಾಗ, ಸ್ನಾನ ಆದ್ಮೇಲೆ ಮಾತ್ರ ಜಾಸ್ತಿಯಾಗುತ್ತೆ. ನೀವೇ ನೋಡ್ಬಹುದು: ರಾತ್ರಿ ಎಲ್ಲಾ ನಲ್ಲಿ ನಿಲ್ಸಿ, ಮೀಟರ್ ಇದ್ರೆ ರೀಡಿಂಗ್ ಫೋಟೋ ತೆಗೆದಿಟ್ಕೊಳ್ಳಿ, ಬೆಳಿಗ್ಗೆ ಯಾರೂ ನೀರು ಮುಟ್ಟೋ ಮುಂಚೆ ನೋಡಿ. ಮುಂದಕ್ಕೆ ಓಡಿದ್ರೆ ಎಲ್ಲೋ ಪ್ರೆಶರ್ ಲೈನ್ ಸೋರ್ತಿದೆ, ಇಲ್ಲಾ ಫ್ಲಶ್ ಟ್ಯಾಂಕ್ ಸೋರಿ ಕಮೋಡಿಗೆ ಹೋಗ್ತಿದೆ. ಅದನ್ನ ತಿಳ್ಕೊಳ್ಳೋಕೆ ಫ್ಲಶ್ ಟ್ಯಾಂಕಿಗೆ ನೀರು ಬರೋ ವಾಲ್ವ್ ಮುಚ್ಚಿ ಇನ್ನೊಂದು ರಾತ್ರಿ ನೋಡಿ.

ಇದನ್ನೆಲ್ಲ ನೀವು ಹೇಳೋ ಮುಂಚೆ ತಾನಾಗೇ ಕೇಳೋ ಕಾಂಟ್ರಾಕ್ಟರ್ ಒಬ್ಬ ಸಿಕ್ಕಿದ್ರೆ ಅರ್ಧ ಕೆಲಸ ಆದಂಗೆ. ನಾನು ಜೊತೇಲಿ ಕೆಲಸ ಮಾಡಿರೋ ಒಬ್ಬ ಮೇಸ್ತ್ರಿ ಇದ್ದಾರೆ, ಸೈಟ್ ನೋಡೋಕೆ ಬಂದ್ರೆ ಡಿಸೈನ್ ಬಗ್ಗೆ ಮಾತೇ ಎತ್ತಲ್ಲ. ಸೀದಾ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರಲ್ಲಿ ಜಾಲರಿ ಎತ್ತಿ, ಮೊಬೈಲ್ ಟಾರ್ಚ್ ಹಾಕಿ ಟ್ರ್ಯಾಪ್ ಒಳಗೆ ನೋಡ್ತಾರೆ. ಟೈಲಿಗೂ ಟ್ರ್ಯಾಪಿನ ಬಾಯಿಗೂ ಮಧ್ಯೆ ಸಂದು ಇದ್ರೆ ಅದರೊಳಗೆ ಕಡ್ಡಿ ಹಾಕಿ ಎಳೀತಾರೆ, ಕಡ್ಡಿ ತುದಿಗೆ ಕಪ್ಪು ಕೆಸರು ಅಂಟ್ಕೊಂಡು ಬಂದ್ರೆ ಮನೆಯವರಿಗೆ ತೋರಿಸಿ, ನೀರು ಪೈಪಿಗೆ ಹೋಗೋ ಬದಲು ಇಲ್ಲಿಂದ ಟೈಲ್ಸ್ ಕೆಳಗೆ ಹೋಗ್ತಿದೆ ನೋಡಿ ಅಂತಾರೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಟೈಲ್ ಕುಟ್ಕೊಂಡು ಹೋಗ್ತಾರೆ, ಎಲ್ಲಿ ಟೊಳ್ಳು ಶಬ್ದ ಬರುತ್ತೋ ಅಲ್ಲಿ ಸೀಸದಕಡ್ಡೀಲಿ ಗುರುತು. ಇಷ್ಟಾದ್ಮೇಲೇನೇ ಟೇಪ್ ಹೊರಗೆ ಬರೋದು. ನಿಮ್ಮ ಮೂರು ಜನರಲ್ಲಿ ಯಾರಾದ್ರೂ ಹೀಗೆ ಬಗ್ಗಿ ನೋಡಿದ್ರಾ, ಕೆಳಗಿನ ರೂಮಿಗೆ ಹೋಗಿ ಕಲೆ ನೋಡಿದ್ರಾ? ನೋಡದೇ ರೇಟು ಹೇಳಿದ್ರೆ ಅದು ಅಂದಾಜು, ಕೊಟೇಷನ್ ಅಲ್ಲ.

ಹಳೇ ಕೆಲಸ ತೋರಿಸಿ ಅಂತ ಕೇಳೋದು ಎಲ್ರಿಗೂ ಗೊತ್ತು. ಆದ್ರೆ ಕಳೆದ ತಿಂಗಳು ಮುಗಿಸಿದ್ದನ್ನ ನೋಡಿ ಏನೂ ಗೊತ್ತಾಗಲ್ಲ, ಹೊಸ ಬಾತ್‌ರೂಮ್ ಎಲ್ಲಾ ಚೆನ್ನಾಗೇ ಕಾಣುತ್ತೆ. ಎರಡು ಮೂರು ವರ್ಷ ಹಿಂದೆ ಮಾಡಿದ್ದನ್ನ ತೋರಿಸೋಕೆ ಹೇಳಿ. ಅಲ್ಲಿ ಮೂಲೆಗಳಲ್ಲಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬೋದು) ಬಿರುಕು ಬಿಟ್ಟಿದ್ಯಾ, ಒಂದು ಮಗ್ ನೀರು ದೂರದ ಮೂಲೇಲಿ ಸುರಿದ್ರೆ ಎಲ್ಲೂ ನಿಲ್ಲದೆ ಟ್ರ್ಯಾಪಿಗೆ ಹೋಗುತ್ತಾ, ಗೋಡೆ ಹಿಂಬದಿ ರೂಮಲ್ಲಿ ಪೇಂಟ್ ಉಬ್ಬಿದ್ಯಾ, ಇಷ್ಟು ನೋಡಿ. ಆ ಮನೆಯವರ ಹತ್ರ ಕೆಲಸ ಹೇಗಿತ್ತು ಅಂತ ಕೇಳ್ಬೇಡಿ, ಎಲ್ರೂ ಚೆನ್ನಾಗಿತ್ತು ಅಂತಾರೆ. ದುಡ್ಡು ಪೂರ್ತಿ ತಗೊಂಡ ಮೇಲೆ ಏನಾದ್ರೂ ಸಣ್ಣ ರಿಪೇರಿ ಬಂದಿತ್ತಾ, ಬಂದಾಗ ಫೋನ್ ಎತ್ತಿದ್ರಾ ಅಂತ ಕೇಳಿ, ಆವಾಗ ನಿಜ ಹೊರಗೆ ಬರುತ್ತೆ. ಲೈಸೆನ್ಸ್, ಕೆಲಸಗಾರರ ಇನ್ಶೂರೆನ್ಸ್ ಇವೆಲ್ಲ ನಿಮ್ಮ ಕಡೆ ಕಡ್ಡಾಯ ಇದ್ರೆ ಕಾಪಿ ತಗೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಈಗ ಕೊಟೇಷನ್. "ಬಾತ್‌ರೂಮ್ ಕಂಪ್ಲೀಟ್ ರಿನೋವೇಷನ್, ಒಟ್ಟು ಇಷ್ಟು" ಅಂತ ಒಂದೇ ಸಾಲಲ್ಲಿ ಬರೆದಿದ್ರೆ ಅದನ್ನ ಇನ್ನೊಬ್ಬರ ರೇಟಿನ ಜೊತೆ ಹೋಲಿಸೋಕೇ ಆಗಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಬರೆದಿರೋ ಪ್ರತಿ ಸಾಲೂ ನಾಳೆ "ಅದು ಸೇರಿಲ್ಲ ಸರ್" ಅಂತ ಎಕ್ಸ್‌ಟ್ರಾ ಬಿಲ್ ಆಗಿ ಬರುತ್ತೆ. ಒಡೆಯೋದು, ಒಡೆದ ಮಣ್ಣು ಕಲ್ಲು ಸಾಗಿಸೋದು ಯಾರ ಖರ್ಚು, ಪೈಪ್ ಯಾವ ಜಾತಿ ಯಾವ ಕ್ಲಾಸು, ಹಳೇ ಲೈನಿಗೆ ಜೋಡಿಸ್ತಾರಾ ಇಲ್ಲಾ ಮೇನ್ ವಾಲ್ವಿನಿಂದ ಹೊಸದಾ, ವಾಟರ್‌ಪ್ರೂಫಿಂಗ್ ಯಾವ ಪ್ರಾಡಕ್ಟು, ಎಷ್ಟು ಕೋಟು, ಗೋಡೆ ಮೇಲೆ ಎಷ್ಟು ಎತ್ತರ, ಟೈಲ್ಸ್ ಅಡ್ಹೆಸಿವಲ್ಲಾ ಸಿಮೆಂಟಲ್ಲಾ, ಗ್ರೌಟ್ ಯಾವುದು, ಎಲೆಕ್ಟ್ರಿಕ್ ಪಾಯಿಂಟ್ ಎಷ್ಟು, ಬಾಗಿಲು ಸೇರಿದ್ಯಾ, ಕೆಳಗಿನ ಸೀಲಿಂಗ್ ಸರಿ ಮಾಡಿ ಪೇಂಟ್ ಹೊಡೆಯೋದು ಸೇರಿದ್ಯಾ. ಇದೇ ಪಟ್ಟಿ ಮೂರೂ ಜನಕ್ಕೆ ಕೊಟ್ಟು ಇದರ ಪ್ರಕಾರ ಮತ್ತೆ ರೇಟು ಬರೆದುಕೊಡಿ ಅನ್ನಿ. ಅರ್ಧ ರೇಟಿನವನೂ ಜಾಸ್ತಿ ರೇಟಿನವನೂ ತಕ್ಷಣ ಹತ್ತಿರ ಬರ್ತಾರೆ, ನಾನು ಎಷ್ಟೋ ಸಲ ನೋಡಿದೀನಿ.

ಮೆಟೀರಿಯಲ್ ಯಾರು ತರ್ಬೇಕು ಅನ್ನೋದು ಇನ್ನೊಂದು ಜಗಳದ ಮೂಲ. ನನ್ನ ಅಭಿಪ್ರಾಯ, ಗೋಡೆ ಹಿಂದೆ ಹೋಗೋದೆಲ್ಲ ಕಾಂಟ್ರಾಕ್ಟರೇ ತರ್ಲಿ, ಬ್ರ್ಯಾಂಡು ಗ್ರೇಡು ಅಗ್ರಿಮೆಂಟಲ್ಲಿ ಬರೆದಿರ್ಲಿ, ಬಿಲ್ ನಿಮಗೆ ಕೊಡ್ಲಿ. ಯಾಕಂದ್ರೆ ನೀವು ಪೈಪ್ ತಂದು ಅವರು ಜೋಡಿಸಿದ್ರೆ ನಾಳೆ ಸೋರಿದಾಗ "ನೀವು ತಂದ ಪೈಪೇ ಸರಿ ಇರ್ಲಿಲ್ಲ" ಅಂತ ಅವರು, "ನೀವು ಜೋಡಿಸಿದ್ದೇ ಸರಿ ಇಲ್ಲ" ಅಂತ ನೀವು. ಟೈಲ್ಸ್, ಕಮೋಡು, ಬೇಸಿನ್ನು, ನಲ್ಲಿ ಇವೆಲ್ಲ ನೀವೇ ಕೊಳ್ಳಿ. ಟೈಲ್ಸ್ ಅಳತೆಗಿಂತ 10% ಜಾಸ್ತಿ, ಓರೆಯಾಗಿ ಹಾಕಿಸೋದಾದ್ರೆ 15% ತಗೊಳ್ಳಿ, ಡಬ್ಬಗಳ ಮೇಲೆ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದ್ಯಾ ನೋಡ್ಕೊಳ್ಳಿ, ಬೇರೆ ಬೇರೆ ಇದ್ರೆ ಬಣ್ಣ ಹೊಂದಲ್ಲ. ಉಳಿದ ನಾಲ್ಕು ಟೈಲ್ಸ್ ಅಟ್ಟದ ಮೇಲಿಡಿ, ಎಂದಾದ್ರೂ ರಿಪೇರಿಗೆ ಬೇಕಾಗುತ್ತೆ.

ಆದ್ರೆ ಒಂದು ಎಚ್ಚರ. ಕಮೋಡು ಮತ್ತೆ ಶವರ್ ಡೈವರ್ಟರ್ (ನೀರನ್ನ ಶವರಿಗೋ ನಲ್ಲಿಗೋ ತಿರುಗಿಸೋ ವಾಲ್ವ್) ಎರಡನ್ನೂ ಪ್ಲಂಬರ್ ಗೋಡೆ ಕೊರೆಯೋ ಮುಂಚೆ ಕೊಂಡು ಸೈಟಲ್ಲಿ ಇಟ್ಟಿರ್ಬೇಕು. ಪೈಪ್ ನೆಲದಲ್ಲಿ ಇರೋ ಕಮೋಡಿಗೆ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ದೂರ ಅನ್ನೋದು ಮಾಡೆಲ್ಲಿಂದ ಮಾಡೆಲ್ಲಿಗೆ ಬದಲಾಗುತ್ತೆ, ಕೆಲವು ಸುಮಾರು 230 ಮಿಲಿಮೀಟರ್, ಕೆಲವು 300. ಆ ದೂರ ಟೈಲ್ಸ್ ಹಾಕಿ ಮುಗಿದ ಗೋಡೆಯಿಂದ ಲೆಕ್ಕ. ಬರೀ ಇಟ್ಟಿಗೆ ಗೋಡೆಯಿಂದ ಟೇಪ್ ಹಿಡಿದ್ರೆ ಪ್ಲಾಸ್ಟರು, ಅಡ್ಹೆಸಿವ್ವು, ಟೈಲು ಎಲ್ಲಾ ಸೇರಿ ಮೂರು ಸೆಂಟಿಮೀಟರ್ ತಪ್ಪುತ್ತೆ, ಆಮೇಲೆ ಕಮೋಡು ಕೂರಲ್ಲ. ಡೈವರ್ಟರೂ ಹಾಗೇನೇ, ಗೋಡೆ ಒಳಗೆ ಹೋಗೋ ಬಾಡಿ ಮೇಲಿನ ಪ್ಲಾಸ್ಟಿಕ್ ಕವರಲ್ಲಿ ಕನಿಷ್ಠ ಗರಿಷ್ಠ ಅಂತ ಗೆರೆ ಇರುತ್ತೆ, ಟೈಲಿನ ಮುಖ ಆ ಎರಡು ಗೆರೆ ಮಧ್ಯೆ ಬರ್ಬೇಕು. ಜಾಸ್ತಿ ಒಳಗೆ ಹೋದ್ರೆ ಹ್ಯಾಂಡಲ್ ಹಿಡಿಯಲ್ಲ, ಹೊರಗೆ ಬಂದ್ರೆ ಪ್ಲೇಟ್ ಗೋಡೆಗೆ ಕೂರದೆ ಸಂದಿ ಬಿಡುತ್ತೆ, ಆ ಸಂದಿಯಿಂದ ನೀರು ಗೋಡೆಗೆ.

ಪ್ಲಂಬಿಂಗಲ್ಲಿ ನೀವು ನಿಂತು ನೋಡ್ಬೇಕಾದ್ದು ಪ್ರೆಶರ್ ಟೆಸ್ಟ್. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ರೆ ಪೂರ್ತಿ ತೆಗೆಸಿ, ಒಳಗಡೆ ತುಕ್ಕು ಕಟ್ಟಿ ತೂತು ಕಿರಿದಾಗಿರುತ್ತೆ. ಬಿಸಿನೀರಿಗೆ ಸಿಪಿವಿಸಿ ಅಥವಾ ಪಿಪಿಆರ್ ಥರದ, ಬಿಸಿ ತಡೆಯೋ ಪ್ಲಾಸ್ಟಿಕ್ ಪೈಪೇ ಬೇಕು, ತಣ್ಣೀರಿನ ಯುಪಿವಿಸಿ ಪೈಪನ್ನ ಗೀಸರಿಂದ ಎಳೆದ್ರೆ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತೆ. ಪೈಪೆಲ್ಲ ಜೋಡಿಸಿ ಜಾಯಿಂಟಿನ ಅಂಟು (ಸಾಲ್ವೆಂಟ್) ಒಣಗೋಕೆ ಒಂದು ದಿನ ಬಿಟ್ಟು, ಬಾಯಿಗಳಿಗೆಲ್ಲ ಪ್ಲಗ್ ಹಾಕಿ, ಕೈ ಪಂಪಲ್ಲಿ ಮಾಮೂಲಿ ಪ್ರೆಶರಿನ ಒಂದೂವರೆ ಪಟ್ಟು ಏರಿಸಿ ಗೇಜ್ ನೋಡ್ತಾರೆ. ಎರಡು ಮೂರು ಗಂಟೆ ಮುಳ್ಳು ಅಲ್ಲಾಡ್ಬಾರ್ದು. ಗೇಜಿನ ಫೋಟೋ ಶುರುವಲ್ಲೊಂದು ಕೊನೇಲೊಂದು. ಇದಾಗೋವರೆಗೂ ಪೈಪಿನ ಮೇಲೆ ಒಂದು ಬಾಂಡ್ಲಿ ಸಿಮೆಂಟ್ ಕೂಡ ಬೀಳ್ಬಾರ್ದು. ಹಾಗೇ ಗೋಡೆ ಮುಚ್ಚೋ ಮುಂಚೆ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೋ ತೆಗೀರಿ, ಮುಂದೆ ಟವೆಲ್ ರಾಡಿಗೆ ಡ್ರಿಲ್ ಹಾಕುವಾಗ ಪೈಪ್ ಎಲ್ಲಿದೆ ಅಂತ ಗೊತ್ತಿರುತ್ತೆ. ಡ್ರೈನ್ ಟ್ರ್ಯಾಪಲ್ಲಿ ಯಾವಾಗ್ಲೂ 50 ಮಿಲಿಮೀಟರ್ ನೀರು ನಿಂತಿರ್ಬೇಕು, ಚರಂಡಿ ವಾಸನೆ ತಡೆಯೋದು ಆ ನೀರೇ. ಎತ್ತರ ಸಾಲಲ್ಲ ಅಂತ ಗಿಡ್ಡ ಟ್ರ್ಯಾಪ್ ಹಾಕಿದ್ರೆ ಸ್ವಲ್ಪ ದಿನ ಊರಿಗೆ ಹೋಗಿ ಬರೋಷ್ಟರಲ್ಲಿ ನೀರು ಆರಿ ಮನೆಯೆಲ್ಲ ವಾಸನೆ.

ವಾಟರ್‌ಪ್ರೂಫಿಂಗ್ ಬಗ್ಗೆ ಸ್ವಲ್ಪ ಜಾಸ್ತೀನೇ ಬರೀತೀನಿ, ನಿಮ್ಮ ತೊಂದ್ರೆಯ ಮದ್ದು ಇರೋದು ಬಹುಶಃ ಇಲ್ಲೇ. ಟೈಲ್ಸು, ಗ್ರೌಟು ನೀರು ತಡೆಯುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಟೈಲ್ಸ್ ಅಂದ್ರೆ ಮೇಲಂಗಿ, ರೇನ್‌ಕೋಟ್ ಅದರ ಒಳಗಿರ್ಬೇಕು. ಸಿಮೆಂಟ್ ಗ್ರೌಟ್ ನೀರು ಹೀರುತ್ತೆ, ಎಪಾಕ್ಸಿ ಗ್ರೌಟ್ ಹೀರಲ್ಲ ಆದ್ರೆ ಮೂಲೇಲಿ ಒಂದು ಕೂದಲೆಳೆ ಬಿರುಕು ಬಿಟ್ರೂ ಸಾಕು. ಆದ್ರಿಂದ ಒಳಗಿನ ಪದರ ಸರಿಯಾಗಿರ್ಬೇಕು. ಸಾಮಾನ್ಯವಾಗಿ ಬಳಸೋದು ಪುಡಿ ಮತ್ತೆ ಪಾಲಿಮರ್ ದ್ರವ ಕಲಸಿ ಬ್ರಶ್ಶಲ್ಲಿ ಹಚ್ಚೋ ಎರಡು ಭಾಗದ ಕೋಟಿಂಗು. ಹಚ್ಚೋ ಮುಂಚೆ ನೆಲ ಗೋಡೆ ಸೇರೋ ಮೂಲೆಯ ಉದ್ದಕ್ಕೂ ಗಾರೇಲಿ ದುಂಡಗೆ ಕೂರಿಸ್ಬೇಕು, ಚೂಪು ಮೂಲೇಲಿ ಕೋಟಿಂಗ್ ಹರಿಯುತ್ತೆ. ಮೂಲೆಗೆ, ಟ್ರ್ಯಾಪಿನ ಸುತ್ತ, ಪೈಪ್ ಗೋಡೆಯಿಂದ ಹೊರಗೆ ಬರೋ ಕಡೆ ಫೈಬರ್ ಮೆಶ್ ಕೂರಿಸಿ ಅದರ ಮೇಲೆ ಹಚ್ಬೇಕು. ಮೊದಲ ಕೋಟ್ ಉದ್ದಕ್ಕೆ, ಎರಡನೇದು ಅಡ್ಡಕ್ಕೆ, ಮಧ್ಯೆ ಪ್ಯಾಕೆಟ್ ಮೇಲೆ ಬರೆದಷ್ಟು ಗಂಟೆ ಒಣಗ್ಬೇಕು. ಶವರ್ ಇರೋ ಗೋಡೇಲಿ ಕನಿಷ್ಠ 1.8 ಮೀಟರ್ ಎತ್ತರ, ಉಳಿದ ಗೋಡೇಲಿ ನೆಲದಿಂದ 30 ಸೆಂಟಿಮೀಟರ್. ಬಾಗಿಲ ಹೊಸ್ತಿಲನ್ನ ಮರೆಯೋರೇ ಜಾಸ್ತಿ, ಅಲ್ಲೂ ಹಚ್ಚಿಸಿ. ಮೊದಲ ಕೋಟ್ ಒಂದು ಬಣ್ಣ ಎರಡನೇದು ಇನ್ನೊಂದು ಬಣ್ಣ ಸಿಗೋ ಪ್ರಾಡಕ್ಟ್ ತರಿಸಿದ್ರೆ ಎರಡು ಕೋಟ್ ಬಿತ್ತಾ ಇಲ್ವಾ ಅಂತ ಕಣ್ಣಿಗೇ ಕಾಣುತ್ತೆ.

ಆಮೇಲೆ ನೀರು ನಿಲ್ಲಿಸೋ ಟೆಸ್ಟ್. ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ ಟ್ರ್ಯಾಪಿನ ಬಾಯಿಗೆ ಪ್ಲಗ್ ಹಾಕಿ, ಬಾಗಿಲ ಹತ್ರ ಚಿಕ್ಕ ಕಟ್ಟೆ ಕಟ್ಟಿ, 25ರಿಂದ 50 ಮಿಲಿಮೀಟರ್ ನೀರು ತುಂಬಿಸಿ ಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಬಿಡ್ಬೇಕು. ಕಡಿಮೆ ಅಂದ್ರೆ 24 ಗಂಟೆ, ನಿಮ್ಮನೇಲಿ ಈಗಾಗ್ಲೇ ಸೋರಿದೆಯಾದ್ದರಿಂದ 48 ಗಂಟೆ ಬಿಡಿಸಿ. ಆವಿಯಾಗಿ ಒಂದೆರಡು ಮಿಲಿಮೀಟರ್ ಇಳಿದ್ರೆ ಗಾಬರಿ ಬೇಡ, ಆದ್ರೆ ಕೆಳಗಿನ ಸೀಲಿಂಗಲ್ಲಿ ಹೊಸ ತೇವ ಬಂತಾ ಅಂತ ಕೈಯಿಟ್ಟು ನೋಡಿ. ಅಲ್ಲಿ ಮೊದಲೇ ಒದ್ದೆ ಕಲೆ ಇದ್ರೆ ಅದರ ಅಂಚಿಗೂ ಪೆನ್ಸಿಲ್ ಗೆರೆ ಹಾಕಿಡಿ, ಇಲ್ಲಾಂದ್ರೆ ಹಳೇದಾ ಹೊಸದಾ ಅಂತ ವಾದ ಶುರುವಾಗುತ್ತೆ. "ಏನೂ ಬೇಡ ಸರ್, ನಮ್ಮ ಕೆಲಸ ಗ್ಯಾರಂಟಿ" ಅಂತ ಯಾರಾದ್ರೂ ಈ ಟೆಸ್ಟ್ ತಪ್ಪಿಸೋಕೆ ನೋಡಿದ್ರೆ ಅಲ್ಲಿಗೆ ಮಾತು ಮುಗಿಸಿ. ಇನ್ನೊಂದು, ಟೆಸ್ಟ್ ಪಾಸಾದ ಮೇಲೆ ಆ ಕೋಟಿಂಗ್ ಮೇಲೆ ಬೂಟು, ಕಬ್ಬಿಣದ ಸಲಾಕೆ, ಟೈಲ್ ಕಟರ್ ಓಡಾಡದ ಹಾಗೆ ಬೇಗ ಸಿಮೆಂಟಿನ ಒಂದು ಪದರ ಹಾಕಿಸಿ. ಟೆಸ್ಟ್ ಆದ್ಮೇಲೆ ಎಲೆಕ್ಟ್ರಿಶಿಯನ್ ಬಂದು ಗೋಡೆ ಕೊರೆದ್ರೆ ಪಟ್ಟ ಶ್ರಮ ನೀರಲ್ಲಿ ಹೋಮ, ಅದಕ್ಕೇ ಕೊರೆಯೋ ಕೆಲಸ ಎಲ್ಲಾ ವಾಟರ್‌ಪ್ರೂಫಿಂಗ್‌ಗಿಂತ ಮೊದಲೇ ಮುಗಿದಿರ್ಬೇಕು.

ಈಗ ಒಂದು ವಾರದ ಲೆಕ್ಕ ನೋಡಿ. ಒಡೆದು ಸಾಗಿಸೋಕೆ ಎರಡು ಮೂರು ದಿನ, ಪೈಪು ವೈರು ಟೆಸ್ಟು ಮೂರು ನಾಲ್ಕು ದಿನ, ಪ್ಲಾಸ್ಟರ್ ಮಾಡಿ ನೀರು ಹೊಡೆದು ಕ್ಯೂರಿಂಗ್‌ಗೆ ಒಂದು ವಾರ, ಕೋಟಿಂಗು ಮತ್ತೆ ನೀರು ನಿಲ್ಲಿಸೋದು ಐದಾರು ದಿನ, ಟೈಲ್ಸು ಗ್ರೌಟು ಒಂದು ವಾರ, ಫಿಟಿಂಗ್ ಎರಡು ದಿನ. ಮೂರೂವರೆ ನಾಲ್ಕು ವಾರ ಅನ್ನೋನು ಸರಿಯಾಗಿ ಹೇಳ್ತಿದ್ದಾನೆ. ಒಂದು ವಾರ ಅನ್ನೋನು ಕ್ಯೂರಿಂಗೋ ಟೆಸ್ಟೋ ಯಾವುದನ್ನೋ ನುಂಗ್ತಾನೆ. ಮನೇಲಿ ಒಂದೇ ಬಾತ್‌ರೂಮ್ ಇದ್ರೆ ಅಷ್ಟು ದಿನ ಅಮ್ಮನಿಗೆ ಏನು ವ್ಯವಸ್ಥೆ ಅಂತ ಮೊದಲೇ ಯೋಚಿಸಿ.

ಟೈಲ್ಸ್ ಹಾಕುವಾಗ ದಿನಾ ಸಂಜೆ ಅರ್ಧ ಗಂಟೆ ಕೊಟ್ರೆ ಸಾಕು. ವಿಟ್ರಿಫೈಡ್ ಟೈಲ್ 0.5%ಗಿಂತ ಕಡಿಮೆ ನೀರು ಹೀರುತ್ತೆ, ಅಂದ್ರೆ ಬರೀ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಕಚ್ಚಲ್ಲ, ಪಾಲಿಮರ್ ಇರೋ ಅಡ್ಹೆಸಿವ್ವೇ ಬೇಕು. ಟೈಲಿನ ಹಿಂದೆ ಐದು ಉಂಡೆ ಇಟ್ಟು ಗೋಡೆಗೆ ಒತ್ತೋ ಅಭ್ಯಾಸ ಇನ್ನೂ ಹೋಗಿಲ್ಲ, ಅದನ್ನ ಬಿಡಿಸಿ, ಹಲ್ಲಿನ ಕರಣೆ ಎಳೆದು ಪೂರ್ತಿ ಹರಡಿ ಹಚ್ಬೇಕು. ಮಾರನೇ ದಿನ ಕುಟ್ಟಿ ನೋಡಿ, ಟೊಳ್ಳಂದ್ರೆ ಅವತ್ತೇ ತೆಗೆಸಿ. ನೆಲದ ವಾಟ ಮೀಟರಿಗೆ 10ರಿಂದ 20 ಮಿಲಿಮೀಟರ್ ಟ್ರ್ಯಾಪ್ ಕಡೆಗೆ ಇರ್ಲಿ, ರಸಮಟ್ಟ ಇಟ್ಟು ತೋರಿಸೋಕೆ ಹೇಳಿ. ಗೋಡೆ ಗೋಡೆ ಸೇರೋ ಮೂಲೇಲಿ, ಗೋಡೆ ನೆಲ ಸೇರೋ ಕಡೆ ಗ್ರೌಟ್ ಬೇಡ, ಸಿಲಿಕಾನ್ ತುಂಬಿಸಿ, ಅಲ್ಲಿ ಎರಡೂ ಬೇರೆ ಬೇರೆಯಾಗಿ ಅಲ್ಲಾಡೋದ್ರಿಂದ ಗ್ರೌಟ್ ಬಿರುಕು ಬಿಡುತ್ತೆ.

ಅಮ್ಮನ ವಿಷಯ. ನೆಲಕ್ಕೆ ಹೊಳೆಯೋ ಟೈಲ್ ಬೇಡ್ವೇ ಬೇಡ, ಡಬ್ಬದ ಮೇಲೆ ಆರ್10 ಅಥವಾ ಆರ್11 ಅಂತ ಜಾರದಿರೋ ರೇಟಿಂಗ್ ಇರೋದು ತಗೊಳ್ಳಿ. ಚಿಕ್ಕ ಟೈಲ್ ಆದ್ರೆ ಸಂದು ಜಾಸ್ತಿ, ಕಾಲಿಗೆ ಹಿಡಿತ ಜಾಸ್ತಿ, ವಾಟ ಕೊಡೋದೂ ಸುಲಭ. ಹಿಡಿದುಕೊಳ್ಳೋ ರಾಡು ಕಮೋಡ್ ಪಕ್ಕ ಒಂದು, ಶವರ್ ಹತ್ರ ಒಂದು, ನೆಲದಿಂದ 80–90 ಸೆಂಟಿಮೀಟರ್ ಎತ್ತರದಲ್ಲಿ. ಇದನ್ನ ಈಗಲೇ ಹೇಳ್ಬೇಕು, ಯಾಕಂದ್ರೆ ಗೋಡೆ ಟೊಳ್ಳು ಬ್ಲಾಕಿಂದು ಆಗಿದ್ರೆ ರಾಡ್ ಬರೋ ಜಾಗಕ್ಕೆ ಕಾಂಕ್ರೀಟ್ ತುಂಬಿಸಿಡ್ಬೇಕು, ಟೈಲ್ಸ್ ಆದ್ಮೇಲೆ ನೆನಪಾದ್ರೆ ಸ್ಕ್ರೂ ಹಿಡಿಯಲ್ಲ, ಅಮ್ಮ ಭಾರ ಹಾಕಿದಾಗ ಕಿತ್ಕೊಂಡು ಬರುತ್ತೆ. ಬಾಗಿಲು ಹೊರಕ್ಕೆ ತೆಗೆಯೋ ಹಾಗಿದ್ರೆ ಒಳ್ಳೇದು, ಒಳಗೆ ಯಾರಾದ್ರೂ ಬಿದ್ರೆ ಬಾಗಿಲಿಗೆ ಅಡ್ಡ ಆಗ್ತಾರೆ.

ಎಲೆಕ್ಟ್ರಿಕಲ್ ಚಿಕ್ಕದಾಗಿ ಹೇಳ್ತೀನಿ, ಆದ್ರೆ ಇದರಲ್ಲಿ ರಾಜಿ ಬೇಡ. ಗೀಸರಿಗೆ ಪ್ರತ್ಯೇಕ ಲೈನು, 4 ಚದರ ಮಿಲಿಮೀಟರ್ ವೈರು, ಅರ್ಥಿಂಗ್ ಇರ್ಲೇಬೇಕು, ಬಾತ್‌ರೂಮಿನ ಸರ್ಕ್ಯೂಟಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ತಾನಾಗೇ ಲೈನ್ ಕಟ್ ಮಾಡೋ ಸ್ವಿಚ್ಚು) ಇರ್ಲೇಬೇಕು. ಶವರಿಂದ 60 ಸೆಂಟಿಮೀಟರ್ ಒಳಗೆ ಯಾವ ಸ್ವಿಚ್ಚೂ ಬೇಡ, ಸಾಧ್ಯವಾದಷ್ಟೂ ಸ್ವಿಚ್ಚು ಹೊರಗಡೆ ಗೋಡೆಗೇ ಹೋಗ್ಲಿ. ಎಗ್ಸಾಸ್ಟ್ ಫ್ಯಾನ್ ಹಾಕಿಸಿ, ಇಲ್ಲಾಂದ್ರೆ ಹೊಸ ಗ್ರೌಟ್ ಕಪ್ಪಾಗೋಕೆ ತಿಂಗಳುಗಟ್ಟಲೆ ಬೇಕಾಗಲ್ಲ.

ದುಡ್ಡು. 50% ಅಡ್ವಾನ್ಸ್ ಕೊಟ್ರೆ ನಿಮ್ಮ ಕೈಲಿ ಇರೋ ಜುಟ್ಟು ಬಿಟ್ಟಂಗೆ. ನಾನು ಹೇಳೋ ಹಂಚಿಕೆ ಹೀಗೆ: ಶುರುವಿಗೆ 10%, ಒಡೆದು ಪ್ಲಂಬಿಂಗ್ ಮುಗಿದು ಪ್ರೆಶರ್ ಟೆಸ್ಟ್ ಪಾಸಾದ ದಿನ 25%, ನೀರು ನಿಲ್ಲಿಸೋ ಟೆಸ್ಟ್ ಪಾಸಾದ ದಿನ 25%, ಟೈಲ್ಸ್ ಗ್ರೌಟ್ ಮುಗಿದಾಗ 25%, ಫಿಟಿಂಗ್ ಮುಗಿದು ಎಲ್ಲಾ ನಲ್ಲಿ ಬಿಟ್ಟು ನೋಡಿದ ಮೇಲೆ 10%, ಉಳಿದ 5% ಎರಡು ತಿಂಗಳು ಬಳಸಿದ ಮೇಲೆ. ದಿನಾಂಕಕ್ಕೆ ದುಡ್ಡು ಕಟ್ಬೇಡಿ, ಟೆಸ್ಟಿಗೆ ಕಟ್ಟಿ. ಹಾಗಂತ ಟೆಸ್ಟ್ ಪಾಸಾದ ಮೇಲೆ ನಾಳೆ ನಾಡಿದ್ದು ಅಂತ ಸತಾಯಿಸ್ಬೇಡಿ, ಅವರೂ ಕೆಲಸದವರಿಗೆ ವಾರವಾರ ಕೂಲಿ ಕೊಡ್ಬೇಕು, ಅವತ್ತೇ ಕೊಟ್ರೆ ನಿಮ್ಮ ಕೆಲಸ ಬಿಟ್ಟು ಇನ್ನೊಂದು ಸೈಟಿಗೆ ಓಡಲ್ಲ. ಕಸ್ಟಮ್ ಆರ್ಡರ್ ಮಾಡ್ಬೇಕಾದ ಸಾಮಾನಿದ್ರೆ ಅದರ ದುಡ್ಡು ಬಿಲ್ ನೋಡಿ ಬೇರೆ ಕೊಡಿ.

ಒಡೆದಾಗ ಒಳಗೆ ಏನಿರುತ್ತೋ ಯಾರಿಗೂ ಗೊತ್ತಿರಲ್ಲ, ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದಿರ್ಬಹುದು, ಡ್ರೈನ್ ಪೈಪ್ ಒಡೆದಿರ್ಬಹುದು. ಅಂಥ ಎಕ್ಸ್‌ಟ್ರಾ ಕೆಲಸಕ್ಕೆ ಚದರ ಅಡಿಗೆ, ಮೀಟರಿಗೆ ಇಷ್ಟು ಅಂತ ಈಗಲೇ ರೇಟು ಬರೆಸಿಟ್ಕೊಳ್ಳಿ. ಮತ್ತೆ ಯಾವ ಬದಲಾವಣೆನೂ ಬಾಯಿಮಾತಲ್ಲಿ ಬೇಡ, ಏನು ಮಾಡ್ತಾರೆ, ಎಷ್ಟಾಗುತ್ತೆ, ಎಷ್ಟು ದಿನ ಜಾಸ್ತಿ ಅಂತ ಒಂದು ವಾಟ್ಸಾಪ್ ಮೆಸೇಜ್ ಬರ್ಲಿ, ನೀವು ಸರಿ ಅಂತ ಉತ್ತರ ಕೊಟ್ಟ ಮೇಲೆ ಕೆಲಸ ಶುರುವಾಗ್ಲಿ. ನೀವೂ ಅಷ್ಟೇ, ಟೈಲ್ಸ್ ಅರ್ಧ ಹಾಕಿದ ಮೇಲೆ ಅಲ್ಲೊಂದು ಗೂಡು ಬೇಕಿತ್ತು ಅನ್ಬೇಡಿ, ಗೂಡಿಗೂ ವಾಟರ್‌ಪ್ರೂಫಿಂಗ್ ಬೇಕು.

ಇಷ್ಟೆಲ್ಲ ನೋಡಿದ್ರೆ ನಿಮ್ಮ ಮೂವರಲ್ಲಿ ನಾನಾಗಿದ್ರೆ ಎರಡನೆಯವರ ಜೊತೆ ಕೂತು ಮಾತಾಡ್ತೀನಿ. ವಿವರವಾಗಿ ಬರೆದುಕೊಟ್ಟಿದ್ದಾರೆ ಅಂದ್ರೆ ಕೆಲಸ ಗೊತ್ತಿರೋ ಮನುಷ್ಯನೇ ಇರ್ಬೇಕು, ಅಡ್ವಾನ್ಸ್ ಜಾಸ್ತಿ ಕೇಳೋರೆಲ್ಲ ಮೋಸಗಾರರಲ್ಲ, ಹಿಂದೆ ಯಾರೋ ದುಡ್ಡು ಕೊಡದೆ ಕೈಕೊಟ್ಟಿರ್ತಾರೆ. ಮೇಲಿನ ಹಂಚಿಕೆ ತೋರಿಸಿ, ಪ್ರೆಶರ್ ಟೆಸ್ಟೂ 48 ಗಂಟೆ ನೀರು ನಿಲ್ಲಿಸೋದೂ ಅಗ್ರಿಮೆಂಟಲ್ಲಿ ಸೇರಿಸಿ, ಸೋರಿಕೆಗೆ ಕನಿಷ್ಠ ಒಂದು ವರ್ಷ ಅವರದ್ದೇ ಖರ್ಚಲ್ಲಿ ರಿಪೇರಿ ಅಂತ ಬರೆಸಿ, ಒಪ್ಪಿದ್ರೆ ಕೊಟ್ಬಿಡಿ. ಮೂರನೆಯವರ ಚಿತ್ರ ಚೆನ್ನಾಗಿದ್ರೂ ಆ ಜಾಸ್ತಿ ರೇಟು ಬ್ರ್ಯಾಂಡ್ ಫಿಟಿಂಗ್ಸಿಂದ ಬಂದಿದ್ಯಾ ಒಳಗಿನ ಕೆಲಸದಿಂದ ಬಂದಿದ್ಯಾ ಅಂತ ಬಿಡಿಸಿ ಕೇಳಿ, ಫಿಟಿಂಗ್ಸ್ ತೆಗೆದ್ರೆ ಎಷ್ಟಾಗುತ್ತೆ ಅಂತ ಕೇಳಿದ ತಕ್ಷಣ ಗೊತ್ತಾಗುತ್ತೆ. ಇಬ್ಬರೂ ಟೆಸ್ಟಿಗೆ ಒಪ್ಪದಿದ್ರೆ ನಾಲ್ಕನೆಯವರನ್ನ ಹುಡುಕಿ. ಅಷ್ಟರವರೆಗೆ ಸೀಲಿಂಗ್ ಕಲೆ ಹತ್ರ ಲೈಟಿನ ಪಾಯಿಂಟ್ ಏನಾದ್ರೂ ಇದ್ರೆ ಅದರ ಲೈನ್ ಆಫ್ ಮಾಡಿಸಿಡಿ, ಮತ್ತೆ ಒಡೆಯೋ ಕೆಲಸ ಶುರುವಾಗೋ ಮುಂಚೆ ಆ ಬಾತ್‌ರೂಮಿಗೆ ಮಾತ್ರ ನೀರು ನಿಲ್ಲಿಸೋ ವಾಲ್ವ್ ಇದ್ಯಾ ನೋಡಿ, ಇಲ್ಲದಿದ್ರೆ ಮೊದಲ ದಿನದ ಮೊದಲ ಕೆಲಸ ಅದನ್ನ ಹಾಕಿಸೋದು, ಇಲ್ಲಾಂದ್ರೆ ನಾಲ್ಕು ವಾರ ಇಡೀ ಮನೆಗೆ ನೀರಿಗೆ ಪರದಾಟ.